ಸೇವೆ ಮಾಡುವವರ ದಣಿವು ಯಾರ ಲೆಕ್ಕಕ್ಕೆ?



ಪ್ರತಿ ವರ್ಷ ಈ ಸಂಚಿಕೆಯಲ್ಲಿ ನನ್ನ ಹೆಸರು ಕಾಣಿಸಿಕೊಳ್ಳುವುದು ಜಮಾಖರ್ಚಿನ ಪುಟದ ಕೆಳಗೆ ಮಾತ್ರ. ಈ ಸಲ ಸಂಪಾದಕ ಸಮಿತಿಯವರು ಒಂದು ಲೇಖನವನ್ನೇ ಬರೆದುಕೊಡಬೇಕೆಂದು ಒತ್ತಾಯ ಮಾಡಿದರು. ನಾನು ಮೈಸೂರಿನಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಅದರ ಮರುವಾರವೇ ಉದಕಮಂಡಲಕ್ಕೆ ಬಂದು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನು. ನಮ್ಮ ಸಂಘದಲ್ಲಿ ಗುಜರಾತಿ, ಮಾರವಾಡಿ, ಕನ್ನಡ, ತಮಿಳು ಎಂದು ನಾಲ್ಕು ಭಾಷೆಯ ಮನೆಗಳಿವೆ. ನನಗೆ ಬರೆಯಲು ಬರುವುದು ಶಾಲೆಯಲ್ಲಿ ಕಲಿತ ಕನ್ನಡವೊಂದೇ. ಓದಲು ಬಾರದವರು ಓದಬಲ್ಲವರಿಂದ ಕೇಳಿ ತಿಳಿಯಬೇಕಾಗಿ ವಿನಂತಿ.

ವಿಷಯ ನಮ್ಮ ಮನೆಯದೇ ಆಗಿದೆ. ನನ್ನ ತಮ್ಮನ ಮಗಳು ವೈದ್ಯೆ. ಆಕೆಗೆ ಸೀಟು ದೊರೆತ ವರ್ಷ ಇದೇ ಸಭಾಭವನದಲ್ಲಿ ನಾವು ಆಕೆಗೆ ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು ಸನ್ಮಾನಿಸಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಮುಂದೆ ಆಕೆ ಬಯಲು ನಾಡಿನ ಒಂದು ಊರಿನಲ್ಲಿ, ಊರಿನ ಹೆಸರು ಇಲ್ಲಿ ಬೇಡ, ಸ್ನಾತಕೋತ್ತರ ವ್ಯಾಸಂಗಕ್ಕೆ ಸೇರಿದಳು. ಹಾಗೆ ಸೇರಿದವರನ್ನು ಕಿರಿಯ ರೆಸಿಡೆಂಟ್ ಎನ್ನುತ್ತಾರೆ. ಅವರು ವಿದ್ಯಾರ್ಥಿಯೂ ಹೌದು, ಆಸ್ಪತ್ರೆಯ ಭಾರವನ್ನು ಹೊರುವವರೂ ಹೌದು. ಮೂರು ವರ್ಷಗಳ ಹಿಂದೆ ಪರ್ಯೂಷಣದ ಭಾನುವಾರ ನಮ್ಮ ಟ್ರಸ್ಟಿನ ಉಚಿತ ವೈದ್ಯಕೀಯ ಶಿಬಿರವಿತ್ತು. "ನಮ್ಮ ಮನೆಯ ಡಾಕ್ಟರೇ ಬಂದರೆ ಶೋಭೆ" ಎಂದು ನಾನು ದೂರವಾಣಿಯಲ್ಲಿ ಹೇಳಿದೆ. ಆಕೆ ಮೂವತ್ತು ಘಂಟೆಗಳ ಪಾಳಿಯನ್ನು ಮುಗಿಸಿ, ರಾತ್ರಿಯ ಬಸ್ಸಿನಲ್ಲಿ ಘಾಟಿ ಹತ್ತಿ, ಬೆಳಿಗ್ಗೆ ನೇರವಾಗಿ ಶಿಬಿರಕ್ಕೆ ಬಂದು, ಮಧ್ಯಾಹ್ನ ಎರಡರವರೆಗೆ ರೋಗಿಗಳನ್ನು ನೋಡಿದಳು. ವಾರಕ್ಕೊಂದೇ ರಜೆ, ಅದೂ ಕೆಲವು ವಾರ ಇಲ್ಲ ಎಂಬುದು ನನಗೆ ಆಗ ತಿಳಿದಿರಲಿಲ್ಲ. ತಿಳಿಯಲು ನಾನು ಕೇಳಿರಲೂ ಇಲ್ಲ. ಕಣ್ಣು ಕೆಂಪಾಗಿದ್ದುದನ್ನು ಯಾರೋ ಗಮನಿಸಿ ಹೇಳಿದಾಗ, "ಸೇವೆ ಮಾಡುವವರಿಗೆ ದಣಿವೆಂಬುದು ಇರುವುದಿಲ್ಲ" ಎಂದು ಎಲ್ಲರ ಮುಂದೆ ನಾನೇ ದೊಡ್ಡ ಮಾತಾಡಿದೆ.

ಅಂದು ರಾತ್ರಿ ಮನೆಯಲ್ಲಿ, ಆಸ್ಪತ್ರೆಯಲ್ಲಿ ಹೇಗೆ ನಡೆಯುತ್ತಿದೆಯಮ್ಮ ಎಂದು ಕೇಳಿದೆ. "ನಿನ್ನೆ ಹದಿನೇಳನೆಯ ಹಾಸಿಗೆ ಹೋಯಿತು, ದೊಡ್ಡಪ್ಪ" ಎಂದಳು. ಹಾಸಿಗೆ ಎಲ್ಲಿಗೆ ಹೋಗುತ್ತದೆಂದು ನನಗೆ ಅರ್ಥವಾಗಲಿಲ್ಲ. ಯಾರಮ್ಮ ಅವರು ಎಂದೆ. ಬಹಳ ಹೊತ್ತು ಸುಮ್ಮನಿದ್ದು, "ಹನ್ನೊಂದು ದಿನ ನಾನೇ ನೋಡಿಕೊಂಡೆ. ಹೆಸರು ನೆನಪಿಗೆ ಬರುತ್ತಿಲ್ಲ" ಎಂದು ಅಳಲಾರಂಭಿಸಿದಳು. ಈ ಹುಡುಗಿ ಏಳು ವರ್ಷದವಳಿದ್ದಾಗ ಹಿತ್ತಿಲ ನಲ್ಲಿಯ ಬಳಿ ಇರುವೆ ಸಾಲು ದಾಟುವವರೆಗೆ ನನ್ನನ್ನು ಬಿಂದಿಗೆ ಇಡಗೊಡದೆ ನಿಲ್ಲಿಸಿದವಳು. ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ವಿಷಯ ತಿಳಿದವರನ್ನು ಕೇಳಿದಾಗ, ಇದಕ್ಕೆ ಬರ್ನ್‌ಔಟ್ ಎಂಬ ಹೆಸರಿದೆಯೆಂದರು. 1974ರಲ್ಲಿ ನ್ಯೂಯಾರ್ಕಿನ ಫ್ರಾಯ್ಡೆನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು ಈ ಮಾತನ್ನು ಬಳಕೆಗೆ ತಂದರು; ಅದೂ ಉಚಿತ ಚಿಕಿತ್ಸಾಲಯದಲ್ಲಿ ಸ್ವಯಂಸೇವೆ ಮಾಡುತ್ತಿದ್ದವರನ್ನು ಕಂಡು ಎಂಬುದು ಗಮನಾರ್ಹ. ಸಂಬಳಕ್ಕೆ ದುಡಿದವರನ್ನಲ್ಲ, ಮನಸಾರೆ ಬಂದವರನ್ನು ಕಂಡು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ರೋಗವೆಂದಲ್ಲ, ಕೆಲಸದ ಸ್ಥಳದಿಂದ ಹುಟ್ಟುವ ಸ್ಥಿತಿಯೆಂದು ತನ್ನ ಪಟ್ಟಿಯಲ್ಲಿ ವಿವರಿಸಿತು. ಅದರ ಲಕ್ಷಣಗಳು ಮೂರು: ಶಕ್ತಿ ಬತ್ತಿಹೋಗುವುದು, ಮಾಡುವ ಕೆಲಸದಿಂದ ಮನಸ್ಸು ದೂರ ಸರಿದು ಕಹಿಯಾಗುವುದು, ತನ್ನಿಂದ ಏನೂ ಆಗದೆಂಬ ಭಾವನೆ. ಮನುಷ್ಯನು ಹಾಸಿಗೆಯ ಅಂಕಿಯಾಗಿ ಕಾಣುವುದು ಎರಡನೆಯ ಲಕ್ಷಣವೆಂದು ಓದಿದಾಗ ನನಗೆ ಆ ರಾತ್ರಿ ಅರ್ಥವಾಯಿತು.

ಇದು ಒಂದು ಮನೆಯ ಕಥೆಯೂ ಅಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗವು ನೇಮಿಸಿದ್ದ ಕಾರ್ಯಪಡೆ 2024ರಲ್ಲಿ ವರದಿ ಕೊಟ್ಟಿತು. ಅದರ ಸಮೀಕ್ಷೆಗೆ ಉತ್ತರಿಸಿದ 5,337 ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಶೇಕಡಾ 31.2ರಷ್ಟು ಮಂದಿ ಬದುಕೇ ಬೇಡವೆಂಬ ಯೋಚನೆ ತಮಗೆ ಬಂದುದುಂಟೆಂದು ಹೇಳಿದ್ದಾರೆ. ನೂರಕ್ಕೆ ಮೂವತ್ತೊಂದು! ನಾವು ಶಾಲು ಹೊದಿಸಿ ಕಳುಹಿಸುವ ಮಕ್ಕಳ ಮಾತು ಇದು. ಕೆಲಸದ ವೇಳೆ ವಾರಕ್ಕೆ 74 ಘಂಟೆ ಮೀರಬಾರದೆಂದು ಆ ಕಾರ್ಯಪಡೆ ಸಲಹೆ ಮಾಡಿತು. 1992ರಲ್ಲಿಯೇ ಕೇಂದ್ರ ಸರ್ಕಾರದ ರೆಸಿಡೆನ್ಸಿ ಯೋಜನೆಯು ಒಂದೇ ಸಮನೆ 12 ಘಂಟೆ, ವಾರಕ್ಕೆ 48 ಘಂಟೆ ಸಾಮಾನ್ಯವಾಗಿ ಮೀರಬಾರದೆಂದು ಹೇಳಿತ್ತು. ಮೂವತ್ತೆರಡು ವರ್ಷಗಳಲ್ಲಿ 48 ಎಂಬುದು 74 ಆಗಿರುವುದನ್ನು ಪ್ರಗತಿಯೆನ್ನಬೇಕೋ ಏನೆನ್ನಬೇಕೋ ವ್ಯಾಪಾರಿಯಾದ ನನಗೆ ತಿಳಿಯದು. 2024ರ ಆಗಸ್ಟ್ 9ರಂದು ಕೋಲ್ಕತ್ತೆಯ ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನಲ್ಲಿ ನಡೆದ ಘೋರವನ್ನು ಇಲ್ಲಿ ವಿವರಿಸಲಾರೆ. ದೀರ್ಘ ಪಾಳಿಯ ನಡುವೆ ಸ್ವಲ್ಪ ಮಲಗಲು ಆ ಹೆಣ್ಣುಮಗಳು ಹೋದದ್ದು ಸೆಮಿನಾರ್ ಕೊಠಡಿಗೆ ಎಂಬುದನ್ನಷ್ಟೇ ನೆನಪಿಸುತ್ತೇನೆ. ಅದರ ವಿಚಾರಣೆಯಲ್ಲಿ ಸರ್ವೋಚ್ಚ ನ್ಯಾಯಾಲಯವೇ 36 ಘಂಟೆಗಳ ಪಾಳಿ ಅಮಾನವೀಯವೆಂದು ಹೇಳಿತು.

ಇನ್ನು ನಂಬಿಕೆಯ ಮಾತಿಗೆ ಬರುತ್ತೇನೆ. ನಮ್ಮ ಸಂಚಿಕೆಯಲ್ಲಿ ಇದನ್ನು ಬರೆಯಲು ಕಾರಣವೇ ಅದು.

ನಮ್ಮ ಹುಡುಗಿ ಹನ್ನೆರಡನೆಯ ವಯಸ್ಸಿನಿಂದ ಸೂರ್ಯಾಸ್ತದ ನಂತರ ಆಹಾರ ತೆಗೆದುಕೊಂಡವಳಲ್ಲ. ಬೆಳಿಗ್ಗೆ ಸೂರ್ಯೋದಯವಾಗಿ 48 ನಿಮಿಷ ಕಳೆದ ಮೇಲೆಯೇ ನವಕಾರಸಿ. ದಿನಕ್ಕೊಂದು ಸಾಮಾಯಿಕ, ಅದೂ 48 ನಿಮಿಷ. ಆಸ್ಪತ್ರೆಯಲ್ಲಿ ಸಂಜೆಯ ರೌಂಡ್ಸ್ ಮುಗಿಯುವಾಗ ಏಳೂವರೆ. ಹೊತ್ತು ಮುಳುಗಿಹೋಗಿರುತ್ತದೆ. ಹಸಿದ ಹೊಟ್ಟೆಯಲ್ಲಿ ಬೆಳಗಿನವರೆಗೆ ನಿಂತು ಕೆಲಸ. ಎರಡು ತಿಂಗಳು ಹೀಗೆ ನಡೆಸಿದಳಂತೆ. ಮೂರನೆಯ ತಿಂಗಳ ಒಂದು ರಾತ್ರಿ ಎರಡು ಘಂಟೆಗೆ, ಕೈ ನಡುಗಿ ಸೂಜಿ ಹಿಡಿಯಲಾಗದಾಗ, ಒಬ್ಬ ದಾದಿ ಕೊಟ್ಟ ಚಹಾ ಮತ್ತು ಬಿಸ್ಕತ್ತನ್ನು ವಾರ್ಡಿನ ಮೂಲೆಯಲ್ಲಿ ನಿಂತು ತಿಂದಳಂತೆ. ತಾಯಿಗೆ ಹೇಳಲಿಲ್ಲ. ನನಗೆ ಹೇಳಿದ್ದು ಬಹಳ ತಡವಾಗಿ. "ದೊಡ್ಡಪ್ಪ, ಒಳ್ಳೆಯ ಡಾಕ್ಟರೂ ಆಗಲಿಲ್ಲ, ಒಳ್ಳೆಯ ಶ್ರಾವಿಕೆಯೂ ಆಗಿ ಉಳಿಯಲಿಲ್ಲ. ಒಂದು ದಿನದಲ್ಲಿ 48 ನಿಮಿಷ ಒಟ್ಟಿಗೆ ನನ್ನದೆಂದು ಸಿಗುವುದಿಲ್ಲ" ಎಂದಳು.

ಇದನ್ನು ಕೇಳಿದ ನನಗೆ ಮೊದಲು ಬಂದ ಯೋಚನೆ, ವ್ರತವನ್ನು ಬಿಡಬಾರದಿತ್ತು ಎಂದೇ. ಮರೆಮಾಚದೆ ಬರೆಯುತ್ತಿದ್ದೇನೆ. ಎರಡನೆಯ ಯೋಚನೆ ಬರಲು ಕೆಲವು ದಿನ ಹಿಡಿಯಿತು. ಹೆಣದ ಛೇದನ ಮಾಡಬೇಕಾದ ಮೊದಲ ವರ್ಷದಲ್ಲಿ ಈ ಮಗು ಬಂದು, ಇದು ಹಿಂಸೆಯೇ ಎಂದು ನನ್ನನ್ನು ಕೇಳಿತ್ತು. ಆಗ ನಾನು ಹಿರಿಯರಿಂದ ಕೇಳಿದ ನಾಲ್ಕು ಬಗೆಯ ಹಿಂಸೆಯ ವಿಚಾರ ಹೇಳಿ ಸಮಾಧಾನ ಮಾಡಿದ್ದೆ: ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆಯೇ ಗೃಹಸ್ಥನು ಪೂರ್ಣವಾಗಿ ಬಿಡಬೇಕಾದದ್ದು, ಮನೆವಾರ್ತೆಯ ಆರಂಭೀ, ವೃತ್ತಿಯ ಉದ್ಯೋಗೀ, ರಕ್ಷಣೆಯ ವಿರೋಧೀ ಹಿಂಸೆಗಳಲ್ಲಿ ಎಚ್ಚರವಿದ್ದು ಕಡಿಮೆ ಮಾಡುತ್ತ ಹೋಗಬೇಕು. ರೋಗಾಣುವನ್ನು ಕೊಲ್ಲುವ ಔಷಧಿ ಕೊಡುವ ವೈದ್ಯನಿಗೂ ಇದೇ ನಿಯಮ. ಶವದ ವಿಚಾರದಲ್ಲಿ, ರೋಗಾಣುವಿನ ವಿಚಾರದಲ್ಲಿ ಇಷ್ಟು ಸೂಕ್ಷ್ಮವಾಗಿ ತಿಳಿಹೇಳಿದ ನಾನು, ಜೀವಂತವಿರುವ ಈ ಹುಡುಗಿಯ ದೇಹದ ವಿಚಾರದಲ್ಲಿ ಒಂದು ಮಾತೂ ಆಡಿರಲಿಲ್ಲ.

ಆ ವರ್ಷದ ಚಾತುರ್ಮಾಸದಲ್ಲಿ ಒಬ್ಬ ಸಾಧ್ವೀಜಿಯವರ ಬಳಿ ಇದನ್ನು ನಿವೇದಿಸಿಕೊಂಡೆವು. ಅವರು ಬೈಯಲಿಲ್ಲ. ನಾವು ದಿನವೂ ತೆಗೆದುಕೊಳ್ಳುವ ಪಚ್ಚಕ್ಖಾಣದ ಪಾಠದಲ್ಲಿಯೇ ಆಗಾರಗಳೆಂಬ ವಿನಾಯಿತಿಗಳಿವೆಯಲ್ಲವೇ, ಅವುಗಳ ಅರ್ಥವನ್ನು ಯಾರಾದರೂ ಆಕೆಗೆ ಹೇಳಿದ್ದೀರಾ ಎಂದು ಕೇಳಿದರು. ನಾವು ನಾಲ್ವರು ಹಿರಿಯರು ಅಲ್ಲಿ ಕುಳಿತಿದ್ದೆವು. ಐವತ್ತು ವರ್ಷಗಳಿಂದ ಆ ಪಾಠ ಕೇಳಿದವರು. ತೀವ್ರ ಪೀಡೆಯಲ್ಲಿ ಸಮಾಧಿ ಭಾವ ಕೆಡದಂತೆ ಉಳಿಸಿಕೊಳ್ಳಲು ಒಂದು ಆಗಾರವಿದೆಯೆಂದು ಅಂದು ಹೊಸದಾಗಿ ಗಮನಿಸಿದೆವು. ವ್ರತ ಕೊಟ್ಟವರು ಮನುಷ್ಯನ ಶಕ್ತಿಯನ್ನು ಅಳೆದೇ ಕೊಟ್ಟಿದ್ದರು. ಅಳತೆಯನ್ನು ಮರೆತವರು ನಾವು.

ನಂಬಿಕೆಯು ವೈದ್ಯನನ್ನು ಕಾಪಾಡುತ್ತದೆಯೋ ಸುಡುತ್ತದೆಯೋ ಎಂಬ ಪ್ರಶ್ನೆಗೆ ಬಲ್ಲವರೂ ಒಂದೇ ಉತ್ತರ ಕೊಡುವುದಿಲ್ಲ. 2017ರಲ್ಲಿ ಅಮೆರಿಕದ ವೈದ್ಯರ ಮೇಲೆ ಮಾಡಿದ ಒಂದು ಅಧ್ಯಯನದಲ್ಲಿ, ದಣಿದು ಬರಿದಾದವರಲ್ಲಿ ತಮ್ಮ ವೃತ್ತಿಯನ್ನು ಒಂದು ಅಂತರಂಗದ ಕರೆಯೆಂದು ಭಾವಿಸುವವರು ಕಡಿಮೆ ಎಂದು ಕಂಡುಬಂದಿತು. ಇದನ್ನು ಹೇಳಿ, ನೋಡಿ, ಭಾವನೆ ಗಟ್ಟಿಯಿದ್ದರೆ ದಣಿವಿಲ್ಲ ಎನ್ನುವವರಿದ್ದಾರೆ. ನನ್ನಂಥ ಅಂಗಡಿಯವನು ಲೆಕ್ಕವನ್ನು ತಿರುಗಿಸಿಯೂ ಓದುತ್ತಾನೆ. ಪ್ರೀತಿಯಿಲ್ಲದ್ದರಿಂದ ಅಂಗಡಿ ನಷ್ಟಕ್ಕೆ ಬಂದಿತೋ, ನಷ್ಟದಿಂದ ಪ್ರೀತಿ ಹೋಯಿತೋ? ಎರಡನ್ನೂ ನಾನು ಈ ಬಜಾರಿನಲ್ಲಿ ಕಂಡಿದ್ದೇನೆ. ಬಂಡವಾಳವನ್ನೇ ತಿಂದು ನಡೆಸುವ ವ್ಯಾಪಾರ ಹೊರಗಿನಿಂದ ನೋಡಲು ಬಹಳ ದಿನ ಭರ್ಜರಿಯಾಗಿಯೇ ಇರುತ್ತದೆ.

ನಂಬಿಕೆಯ ಬಲದಿಂದ ನಿಂತವರನ್ನು ಹತ್ತಿರದಲ್ಲಿಯೇ ತೋರಿಸಬಹುದು. ಡಾ. ಎಚ್. ಸುದರ್ಶನ್ ಅವರು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿ ಸೋಲಿಗರ ನಡುವೆ ಬಾಳಿದರು. ಸಂಸ್ಥೆಯ ಹೆಸರೇ ಅವರ ನಂಬಿಕೆ ಯಾವುದೆಂದು ಹೇಳುತ್ತದೆ. ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗಲೇ ಆರ್. ಬಾಲಸುಬ್ರಹ್ಮಣ್ಯಂ ಅವರು ಗೆಳೆಯರೊಡನೆ 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಆರಂಭಿಸಿ ಹೆಗ್ಗಡದೇವನಕೋಟೆಯ ಕಾಡಂಚಿಗೆ ಹೋದರು. ನಮ್ಮ ಜಿಲ್ಲೆಯ ಗೂಡಲೂರಿನಲ್ಲಿ ದೇವದಾಸನ್ ದಂಪತಿಗಳು ಆದಿವಾಸಿಗಳ ಆರೋಗ್ಯಕ್ಕಾಗಿ ಆರಂಭಿಸಿದ ಅಶ್ವಿನಿ ಸಂಸ್ಥೆಯ ಆಸ್ಪತ್ರೆಯನ್ನು ನಂತರ ಶಸ್ತ್ರವೈದ್ಯ ನಂದಕುಮಾರ್ ಮೆನನ್ ಮತ್ತು ಅವರ ಪತ್ನಿ, ಸ್ತ್ರೀರೋಗತಜ್ಞೆ ಶೈಲಜಾ ದೇವಿಯವರು ಬೆಳೆಸಿದರು. ಅಲ್ಲಿ ಆದಿವಾಸಿ ಹೆಣ್ಣುಮಕ್ಕಳೇ ತರಬೇತಿ ಪಡೆದು ದಾದಿಯರಾದರು. ಇವರನ್ನೆಲ್ಲ ಎತ್ತಿ ತೋರಿಸಿ, ಅವರು ದಣಿಯಲಿಲ್ಲ, ನೀನೇಕೆ ದಣಿಯುವೆ ಎಂದು ಕಿರಿಯರನ್ನು ಕೇಳುವುದು ನಮಗೆ ಅಭ್ಯಾಸವಾಗಿದೆ. ಕೇಳುವ ಮೊದಲು ಒಂದು ವ್ಯತ್ಯಾಸವನ್ನು ನೋಡಬೇಕು. ಇವರು ತಮ್ಮ ಸ್ಥಳವನ್ನು ತಾವೇ ಆರಿಸಿಕೊಂಡರು. ಜೊತೆಗೆ ಸಂಗಾತಿಯೋ ಗೆಳೆಯರೋ ಇದ್ದರು. ಕೆಲಸದ ಕ್ರಮವನ್ನು ತಾವೇ ರೂಪಿಸಿದರು, ಭಾರವನ್ನು ಇತರರಿಗೆ ಕಲಿಸಿ ಹಂಚಿದರು. ರೋಗಿಯ ಹಾಡಿ ಯಾವುದು, ತಾಯಿ ಯಾರು ಎಂಬುದು ಅವರಿಗೆ ಗೊತ್ತಿರುತ್ತಿತ್ತು. ನಮ್ಮ ಹುಡುಗಿಗೆ ಪಾಳಿಯ ಪಟ್ಟಿಯನ್ನು ಗೋಡೆಗೆ ಅಂಟಿಸಿರುತ್ತಾರೆ. ಅದರಲ್ಲಿ ತನ್ನ ಹೆಸರು ಎಲ್ಲಿದೆಯೆಂದು ಹುಡುಕಿಕೊಳ್ಳುವುದಷ್ಟೇ ಆಕೆಯ ಪಾಲಿನ ಸ್ವಾತಂತ್ರ್ಯ. ಸ್ವಂತ ಇಚ್ಛೆಯಿಂದ ಕೈಗೊಂಡದ್ದು ತಪಸ್ಸು. ಇನ್ನೊಬ್ಬರು ಹೇರಿದ ಹಸಿವಿಗೆ ತಪಸ್ಸೆಂಬ ಹೆಸರು ಸಲ್ಲದು.

ನಂಬಿಕೆ ಮತ್ತು ವೃತ್ತಿ ಪರಸ್ಪರ ವೈರಿಗಳೂ ಅಲ್ಲ. ನಮ್ಮ ಪೂರ್ವಿಕರು ಇವೆರಡನ್ನೂ ಹೊಂದಿಸಿದವರು. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ರಚಿಸಿ, ಔಷಧಿಗೆ ಮಾಂಸ ಅಗತ್ಯವಿಲ್ಲವೆಂದು ವಾದಿಸಿದರು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನು ಅನುಸರಿಸಿ ಕರ್ಣಾಟಕ ಕಲ್ಯಾಣಕಾರಕವನ್ನು ಕನ್ನಡದಲ್ಲಿ ಬರೆದನು. ಮದ್ಯ, ಮಾಂಸ, ಮಧುಗಳಿಲ್ಲದ ಚಿಕಿತ್ಸೆ ಅದರ ವೈಶಿಷ್ಟ್ಯ. ತನ್ನ ಶ್ರದ್ಧೆಯನ್ನು ಆಸ್ಪತ್ರೆಯ ಬಾಗಿಲಲ್ಲಿ ಚಪ್ಪಲಿಯಂತೆ ಬಿಟ್ಟು ಒಳಹೋಗಬೇಕೆಂದು ಅವರಿಗೆ ಯಾರೂ ಹೇಳಲಿಲ್ಲ. ಇಂದಿನ ಮಗುವಿಗೆ ಬಿಳಿ ಕೋಟು ತೊಡಿಸುವಾಗ, ನೀನಿನ್ನು ಡಾಕ್ಟರ್, ಬೇರೇನೂ ಅಲ್ಲ ಎಂಬ ಭಾವನೆ ಹೇಗೋ ಬಂದುಬಿಡುತ್ತದೆ. ಮಗಳು, ತಂಗಿ, ಶ್ರಾವಿಕೆ, ಹಾಡುವವಳು, ಇದೆಲ್ಲವೂ ಒಂದೊಂದಾಗಿ ಕಳಚಿದ ಮೇಲೆ ಉಳಿಯುವುದು ಡಾಕ್ಟರ್ ಎಂಬ ಒಂದೇ ಗುರುತು. ಆ ಒಂದರಲ್ಲಿ ಸೋಲಾದ ರಾತ್ರಿ, ಹದಿನೇಳನೆಯ ಹಾಸಿಗೆ ಹೋದ ರಾತ್ರಿ, ನಿಲ್ಲಲು ಬೇರೆ ನೆಲವೇ ಇರುವುದಿಲ್ಲ. ನಂಬಿಕೆ ಉಪಯೋಗಕ್ಕೆ ಬರುವುದಾದರೆ ಇಲ್ಲಿ ಬರಬೇಕು: ನೀನು ಸೋತರೂ ನಮ್ಮವಳೇ ಎಂದು ಹೇಳಲು. ನಾವು ಅದೇ ನಂಬಿಕೆಯನ್ನು ಎರಡನೆಯ ಪರೀಕ್ಷೆಯನ್ನಾಗಿ ಮಾಡಿ ಆಕೆಯ ಮುಂದಿಟ್ಟೆವು.

ವೈದ್ಯಲೋಕವೇ ಈ ವಿಚಾರದಲ್ಲಿ ನಮಗಿಂತ ಮುಂದೆ ಹೋಗಿದೆ. ವೈದ್ಯರ ವಿಶ್ವ ಸಂಘವು 1948ರಲ್ಲಿ ಜಿನೀವಾದಲ್ಲಿ ಒಂದು ಪ್ರತಿಜ್ಞೆಯನ್ನು ಅಂಗೀಕರಿಸಿತ್ತು. 2017ರಲ್ಲಿ ಚಿಕಾಗೋ ಸಭೆಯಲ್ಲಿ ಅದನ್ನು ಪರಿಷ್ಕರಿಸಿ, ಉತ್ತಮ ಆರೈಕೆ ನೀಡುವ ಸಲುವಾಗಿ ವೈದ್ಯನು ತನ್ನ ಆರೋಗ್ಯವನ್ನೂ ನೋಡಿಕೊಳ್ಳಬೇಕೆಂಬ ಅರ್ಥದ ಮಾತನ್ನು ಹೊಸದಾಗಿ ಸೇರಿಸಿದರು. ಅರುವತ್ತೊಂಬತ್ತು ವರ್ಷ ಬೇಕಾಯಿತು! ನಮ್ಮಲ್ಲಿ ಪರದಯೆಯ ಜೊತೆಗೆ ಸ್ವದಯೆಯ ಮಾತು ಎಂದಿನಿಂದಲೂ ಇದೆ. ವ್ಯಾಖ್ಯಾನದಲ್ಲಿ ಕೇಳಿ ತಲೆದೂಗಿ ಮನೆಗೆ ಬರುತ್ತೇವೆ.

ಹಿಂಸೆಗೆ ಮೂಲ ಪ್ರಮಾದ, ಅಂದರೆ ಎಚ್ಚರಗೇಡಿತನ, ಎನ್ನುತ್ತದೆ ನಮ್ಮ ಶಾಸ್ತ್ರ. ಮೂವತ್ತನೆಯ ಘಂಟೆಯಲ್ಲಿ ಔಷಧಿಯ ಪ್ರಮಾಣವನ್ನು ತಪ್ಪಾಗಿ ಬರೆಯುವ ಕೈ ಎಚ್ಚರಗೇಡಿಯೇ. ಆದರೆ ಆ ಎಚ್ಚರವನ್ನು ಕಿತ್ತುಕೊಂಡವರು ಯಾರು? ಕೃತ, ಕಾರಿತ, ಅನುಮೋದಿತ ಎಂದು ಪ್ರತಿಕ್ರಮಣದಲ್ಲಿ ನಾವು ಮೂರನ್ನೂ ಹೇಳುತ್ತೇವೆ: ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದ್ದಕ್ಕೆ ತಲೆಯಾಡಿಸಿದ್ದು. ಕಿರಿಯ ವೈದ್ಯರ ತಪ್ಪು ಕೃತವಾದರೆ, ಅಂಥ ಪಾಳಿಯನ್ನು ಬರೆದವರದು ಕಾರಿತ. ಡಾಕ್ಟರು ದೇವರು, ದೇವರಿಗೆ ನಿದ್ರೆಯಿಲ್ಲ ಎಂದು ಮೈಕಿನ ಮುಂದೆ ಹೊಗಳಿದ ನಮ್ಮದು ಅನುಮೋದನೆ. ಮೊದಲನೆಯದನ್ನು ವಿಚಾರಿಸಲು ನ್ಯಾಯಾಲಯವಿದೆ. ಮೂರನೆಯದರ ಲೆಕ್ಕ ಬರೆಯುವವರಿಲ್ಲವೆಂದು ನಾವು ನಿಶ್ಚಿಂತೆಯಾಗಿದ್ದೇವೆ.

ಇಷ್ಟೆಲ್ಲ ಬರೆದು ನನ್ನ ಅಂಗಡಿಯ ವಿಚಾರ ಬರೆಯದಿದ್ದರೆ ಸರಿಯಲ್ಲ. ಏಪ್ರಿಲ್, ಮೇ ತಿಂಗಳ ಸೀಸನ್ನಿನಲ್ಲಿ, ಪುಷ್ಪ ಪ್ರದರ್ಶನದ ವಾರಗಳಲ್ಲಿ, ನಮ್ಮ ಹುಡುಗರನ್ನು ಬೆಳಿಗ್ಗೆ ಎಂಟರಿಂದ ರಾತ್ರಿ ಹತ್ತರವರೆಗೆ ನಿಲ್ಲಿಸಿದ್ದೇನೆ. ನಾನೂ ಹಾಗೆಯೇ ನಿಂತು ಕಲಿತವನು ಎಂಬುದು ನನ್ನ ಸಮರ್ಥನೆಯಾಗಿತ್ತು. 2021ರಲ್ಲಿ ತಮಿಳುನಾಡು ಸರ್ಕಾರ ಅಂಗಡಿಯ ನೌಕರರಿಗೆ ಕುಳಿತುಕೊಳ್ಳುವ ಹಕ್ಕನ್ನು ಕಾನೂನಿನಲ್ಲಿ ಸೇರಿಸಿದಾಗ, ಒಂದು ಸ್ಟೂಲಿಗೂ ಕಾನೂನೇ ಎಂದು ಗೊಣಗಿದವರಲ್ಲಿ ನಾನೂ ಒಬ್ಬ. ದೊಡ್ಡ ಡಾಕ್ಟರುಗಳು ಕಿರಿಯರಿಗೆ ಹೇಳುವುದೂ ಇದೇ ಮಾತು: ನಾವು ಮಾಡಲಿಲ್ಲವೇ? ಆದುದರಿಂದ ಆ ಆಸ್ಪತ್ರೆಯವರ ಮೇಲೆ ನಾನು ಬೆರಳು ತೋರಿಸಲು ಹೋಗುವುದಿಲ್ಲ. ಅಲ್ಲಿ ಸಾಲುಗಟ್ಟಿ ನಿಂತ ರೋಗಿಗಳೂ ಸುಳ್ಳಲ್ಲ. ಯಾರನ್ನು ಹಿಂದೆ ಕಳುಹಿಸಬೇಕು ಎಂದರೆ ನನ್ನಲ್ಲಿಯೂ ಉತ್ತರವಿಲ್ಲ.

ಈ ಮಾತು ನಮ್ಮ ಊರಿನ ಬಾಗಿಲಿಗೂ ಬಂದಿದೆ. ಗಂಭೀರ ಕಾಯಿಲೆಯೆಂದರೆ ಕೊಯಮತ್ತೂರಿಗೆ ಇಳಿಯಬೇಕಾಗಿದ್ದ ಈ ಬೆಟ್ಟದಲ್ಲಿ, 2022ರ ಜನವರಿ 12ರಂದು ಉದ್ಘಾಟನೆಯಾದ ಹನ್ನೊಂದು ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಒಂದು ಇದೆ. ವರ್ಷಕ್ಕೆ 150 ಮಂದಿ ಪ್ರವೇಶ. 2025ರ ಏಪ್ರಿಲ್‌ನಲ್ಲಿ 700 ಹಾಸಿಗೆಗಳ ಆಸ್ಪತ್ರೆಯೂ ತೆರೆಯಿತು. ನಮಗೆಲ್ಲ ಸಂತೋಷದ ವಿಷಯ. ಜನವರಿಯ ಮಂಜಿನಲ್ಲಿ ಬೆಳಗಿನ ಆರಕ್ಕೆ ಚಹಾ ಅಂಗಡಿಯ ಮುಂದೆ, ಕೊರಳಲ್ಲಿ ಸ್ಟೆತಸ್ಕೋಪು ನೇತುಹಾಕಿಕೊಂಡು ಕೈ ಉಜ್ಜುತ್ತ ನಿಲ್ಲುವ ಯುವಕ ಯುವತಿಯರು ಇನ್ನು ಮುಂದೆ ನಮಗೆ ಕಾಣಸಿಗುತ್ತಾರೆ. ಯಾರದೋ ಮನೆಯ ಮಕ್ಕಳು, ರಾಮನಾಥಪುರದವರೋ ತಿರುನೆಲ್ವೇಲಿಯವರೋ. ಅವರಿಗೆ ಈ ಚಳಿಯೂ ಹೊಸದು.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ನಮ್ಮ ಟ್ರಸ್ಟ್ ಔಷಧದಾನದ ಹೆಸರಿನಲ್ಲಿ ಶಿಬಿರ ನಡೆಸುತ್ತದೆ. ದಾನ ಕೊಟ್ಟವರೆಂದು ಫಲಕದಲ್ಲಿ ಹೆಸರು ಬರುವುದು ನಮ್ಮದು. ನಿದ್ರೆಯನ್ನು ಕೊಟ್ಟವರು ಆ ಹುಡುಗಿಯಂಥವರು. ಈ ವರ್ಷದ ಸಭೆಯಲ್ಲಿ ನಾನು ಇದನ್ನು ಪ್ರಸ್ತಾಪಿಸಿದಾಗ ಎಲ್ಲರೂ ಒಪ್ಪಲಿಲ್ಲ. ಗೌರವಧನ ಕೊಟ್ಟರೆ ಅದು ಸೇವೆ ಹೇಗಾದೀತು ಎಂದು ಒಬ್ಬ ಹಿರಿಯರು ಕೇಳಿದರು. ಪುರೋಹಿತರಿಗೆ, ಅಡುಗೆಯವರಿಗೆ, ಶಾಮಿಯಾನದವರಿಗೆ ಕೊಡುತ್ತೇವಲ್ಲ ಎಂದೆ. ಸ್ವಲ್ಪ ಗದ್ದಲವಾಯಿತು. ಕೊನೆಗೆ, ಕಿರಿಯ ವೈದ್ಯರನ್ನು ರಜೆಯ ದಿನ ಕರೆಯಬಾರದು. ಬರುವವರು ಸರದಿಯ ಮೇಲೆ ಮೂರು ಘಂಟೆಗೊಬ್ಬರಂತೆ ಬರಲಿ. ಅವರು ಯಾವ ಮತದವರಾದರೂ ಊಟ ಮತ್ತು ಮಲಗಲು ಕೊಠಡಿ ಮೊದಲು, ಶಾಲು ಆಮೇಲೆ ಎಂದು ತೀರ್ಮಾನವಾಯಿತು. ಗೌರವಧನದ ವಿಚಾರ ಮುಂದಿನ ಸಭೆಗೆ ಹೋಗಿದೆ.

ನಮ್ಮ ಹುಡುಗಿ ಕಳೆದ ವರ್ಷ ವ್ಯಾಸಂಗ ಮುಗಿಸಿದಳು. ರಾತ್ರಿ ಪಾಳಿಯ ದಿನ ಆಗಾರದೊಡನೆ ವ್ರತ, ಉಳಿದ ದಿನ ಪೂರ್ಣವಾಗಿ, ಹೀಗೆ ನಡೆಸಿಕೊಂಡು ಬರುತ್ತಿದ್ದಾಳೆ. ಎಲ್ಲ ಸರಿಹೋಯಿತೆಂದು ಬರೆಯಲಾರೆ. ಕೆಲವು ಸಲ ದೂರವಾಣಿಯಲ್ಲಿ ಅವಳ ದನಿ ಕೇಳಿದರೆ ನನಗೆ ಈಗಲೂ ಭಯವಾಗುತ್ತದೆ. ಆದರೆ ಜೇಬಿನಲ್ಲಿ ಒಂದು ಚಿಕ್ಕ ಪುಸ್ತಕವಿಟ್ಟುಕೊಂಡು ರೋಗಿಗಳ ಹೆಸರನ್ನು ಕೈಯಾರೆ ಬರೆದುಕೊಳ್ಳುತ್ತಾಳೆ. ಹದಿನೇಳನೆಯ ಹಾಸಿಗೆಯವರ ಹೆಸರನ್ನೂ ಹಳೆಯ ಕಡತ ತೆಗೆಸಿ ನೋಡಿ ಮೊದಲ ಪುಟದಲ್ಲಿ ಬರೆದಿದ್ದಾಳಂತೆ. ಸಂವತ್ಸರೀ ಪ್ರತಿಕ್ರಮಣದ ದಿನ ಆ ಪುಟ ತೆಗೆಯುತ್ತೇನೆ ಎಂದಳು. ಈ ಪರ್ಯೂಷಣಕ್ಕೆ ಎರಡು ದಿನ ಬರುವುದಾಗಿ ತಿಳಿಸಿದ್ದಾಳೆ. ಶಿಬಿರಕ್ಕಲ್ಲ, ಮಲಗಲು ಬರುತ್ತೇನೆ ದೊಡ್ಡಪ್ಪ ಎಂದು ನಗುತ್ತ ಹೇಳಿದಳು. ಮಹಡಿಯ ಕೋಣೆಯ ಕಿಟಕಿಗೆ ದಪ್ಪ ಪರದೆ ಹಾಕಿಸಿ, ಬೆಳಿಗ್ಗೆ ಆ ಕಡೆ ಯಾರೂ ಘಂಟೆ ಬಾರಿಸಬಾರದೆಂದು ಮನೆಯವರಿಗೆಲ್ಲ ಹೇಳಿದ್ದೇನೆ.